ಐವತ್ತರ ಮೇಲೆ ಹೊಸ ಅಕ್ಷರ, ಹೊಸ ಉಮೇದು

ಉದಗೀರ: ‘ಅರವತ್ತಕ್ಕೆ ಅರಳು ಮರಳು’ ಅನ್ನೋ ಗಾದೆಮಾತು ನಮ್ಮ ಕಡೆ ಎಲ್ಲರ ಬಾಯಾಗೂ ಇದೆ. ಐವತ್ತು ದಾಟಿತೆಂದರೆ ಸಾಕು, ‘ಇನ್ನೇನದ್ರಿ ನಮ್ದು, ಹುಡುಗರದು ನೋಡ್ಕೊಂತ ಹೋಗೋದು’ ಎಂದು ಕಟ್ಟೆಗೆ ಕೂಡುವವರೇ ಬಹಳ. ಆದರೆ ಉದಗೀರ, ನಿಲಂಗಾ, ಉಮರ್ಗಾ ಭಾಗದ ಕನ್ನಡ ಮನೆಗಳ ಹಿರಿಯರು ಹಾಗೆ ಕೈಕಟ್ಟಿ ಕೂತರೆ ನಡೆಯುವುದಿಲ್ಲ. ಮನೆಯಲ್ಲಿ ಉಳಿದಿರುವ ಕನ್ನಡ ಅವರ ಹತ್ತಿರವೇ ಇದೆ.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಆದಾಗ ಆಗಿನ ಬೀದರ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದವು. ಭಾಲ್ಕಿ, ಹುಮನಾಬಾದ ಮೈಸೂರು ರಾಜ್ಯದ ಕಡೆ ಬಂದವು. ಬೀಗತನ ಹಾಗೇ ಉಳಿಯಿತು, ಶಾಲೆ ಮಾತ್ರ ಬೇರೆಯಾಯಿತು. ಇಂದು ಐವತ್ತು ತುಂಬುವವರು 1970ರ ದಶಕದಲ್ಲಿ ಹುಟ್ಟಿದವರು. ಅವರಲ್ಲಿ ಬಹಳ ಮಂದಿ ಓದಿದ್ದು ಮರಾಠಿ ಶಾಲೆಯಲ್ಲಿ, ಮಾತಾಡಿದ್ದು ಅವ್ವನ ಕನ್ನಡ. ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಮೊಮ್ಮಕ್ಕಳಿಗೋ ಮಾತೂ ಅರ್ಧಮರ್ಧ.

ಕಮಲನಗರದ ಹಿರಿಯರು

ಉದಗೀರ ಸ್ಟೇಷನ್‌ನಲ್ಲಿ ಬೀದರ ಕಡೆಯ ಗಾಡಿ ಹತ್ತಿದರೆ ಗಡಿ ದಾಟಿದ ಮೇಲೆ ಕಮಲನಗರ ಸಿಗುತ್ತದೆ. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹುಟ್ಟಿದ್ದು ಇದೇ ಊರಲ್ಲಿ, 1890ರ ಸುಮಾರಿಗೆ. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದವರು ಎಂದು ಈ ಭಾಗದ ಜನ ಇಂದಿಗೂ ಅವರನ್ನು ನೆನೆಯುತ್ತಾರೆ.

ಅವರ ವಯಸ್ಸಿನ ಲೆಕ್ಕ ಹಾಕಿ ನೋಡಬೇಕು. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ ಸಂಸ್ಥಾನ ಭಾರತಕ್ಕೆ ಸೇರಿದಾಗ ಅವರಿಗೆ ಅರವತ್ತು ಹತ್ತಿರ ಬಂದಿತ್ತು. ಇನ್ನು ವಿಶ್ರಾಂತಿ ಎನ್ನಬಹುದಿತ್ತು. ಅವರು ಹಾಗೆನ್ನಲಿಲ್ಲ. ಶಾಲೆ ನಡೆಸಿದರು, ಅನಾಥ ಮಕ್ಕಳನ್ನು ಸಾಕಿದರು, ಬಸವಕಲ್ಯಾಣದಲ್ಲಿ ಅನುಭವ ಮಂಟಪ ಎದ್ದು ನಿಲ್ಲುವಂತೆ ದುಡಿದರು. 1999ರಲ್ಲಿ ಲಿಂಗೈಕ್ಯರಾದಾಗ ಅವರ ವಯಸ್ಸು ನೂರು ದಾಟಿತ್ತು. ಅಂದರೆ ಅವರ ಬದುಕಿನ ಅರ್ಧಕ್ಕಿಂತ ಹೆಚ್ಚು ಭಾಗ ಐವತ್ತರ ನಂತರದ್ದು.

ಮಠಾಧೀಶರ ಮಾತು ಬೇರೆ, ಸಂಸಾರಿಗಳದು ಬೇರೆ ಎನ್ನುವವರಿಗೆ ಡಿ.ವಿ.ಗುಂಡಪ್ಪನವರ ಉದಾಹರಣೆ ಇದೆ. 1887ರಲ್ಲಿ ಹುಟ್ಟಿದ ಡಿವಿಜಿಯವರ ‘ಮಂಕುತಿಮ್ಮನ ಕಗ್ಗ’ ಪ್ರಕಟವಾದದ್ದು 1943ರಲ್ಲಿ. ಆಗ ಅವರಿಗೆ 56. ಮನೆಮನೆಗೆ ಹೋದ ಆ ಪುಸ್ತಕ ಬಂದದ್ದು ಐವತ್ತು ದಾಟಿದ ಕೈಯಿಂದ.

ಕಾಯಕಕ್ಕೆ ನಿವೃತ್ತಿ ಇಲ್ಲ

ಮಹಾರಾಷ್ಟ್ರದಲ್ಲಿ ಸರ್ಕಾರಿ ಶಾಲೆಯ ಮಾಸ್ತರರಿಗೆ 58ಕ್ಕೆ ನಿವೃತ್ತಿ. ಹೊಲ, ಅಡಿಗೆಮನೆಗಳಲ್ಲಿ ದುಡಿಯುವವರಿಗೆ ಅದೂ ಇಲ್ಲ. ಹನ್ನೆರಡನೆಯ ಶತಮಾನದ ಶರಣರು ಇದನ್ನೇ ದೊಡ್ಡ ಮಾತಾಗಿ ಮಾಡಿದರು. ನುಲಿಯ ಚಂದಯ್ಯ ಹಗ್ಗ ಹೊಸೆದರು, ಮೋಳಿಗೆ ಮಾರಯ್ಯ ಕಟ್ಟಿಗೆ ಹೊರೆ ಮಾರಿದರು. ದಿನದ ಕೆಲಸವೇ ಪೂಜೆ ಎಂದವರು ಅವರು. ಭಕ್ತಿಗೆ ಬೇರೆ ಹೊತ್ತು, ಬೇರೆ ವಯಸ್ಸು ಬೇಕಿಲ್ಲ ಎಂಬುದು ಇದರ ಅರ್ಥ.

ಈ ಭಾಗದ ಭಕ್ತಿಗೆ ಗಡಿಯೂ ಇಲ್ಲ. ಉದಗೀರ ಕೋಟೆಯೊಳಗಿನ ಉದಾಗೀರ ಬಾಬಾ ಸಮಾಧಿಗೆ ಕೈಮುಗಿಯುವವರಲ್ಲಿ ಎರಡೂ ಭಾಷೆಯವರಿದ್ದಾರೆ. ಸೀಗಿ ಹುಣ್ಣಿಮೆಗೆ ಕರ್ನಾಟಕದ ಭಕ್ತರು ಉಮರ್ಗಾ, ನಳದುರ್ಗ ಹಾದು ತುಳಜಾಪುರದ ಅಂಬಾಭವಾನಿಗೆ ನಡೆದು ಹೋಗುತ್ತಾರೆ. ಆಷಾಢದಲ್ಲಿ ದಿಂಡಿಗಳು ಪಂಢರಪುರದ ದಾರಿ ಹಿಡಿಯುತ್ತವೆ. ನರೆತ ತಲೆಗಳು ಅಲ್ಲಿ ಹಿಂದೆ ಬೀಳುವುದಿಲ್ಲ. ‘ಕಾಲು ನೋಯ್ತಾವ, ಆದ್ರ ಮನಸ್ಸು ಹಗುರಾಗ್ತದ’ ಅನ್ನೋದು ಈ ದಾರಿ ನಡೆದವರ ಮಾತು.

ಹರಕು ಸೀರಿ, ಹೊಸ ಕೌದಿ

ಸೃಜನಶೀಲತೆ ಎಂದರೆ ಕವಿ, ಕಲಾವಿದರಿಗಷ್ಟೇ ಸೇರಿದ್ದು ಎಂದು ತಿಳಿಯಬೇಕಿಲ್ಲ. ಆಯಿಯ ಕೈಯಲ್ಲಿನ ಕೌದಿಯನ್ನು ನೋಡಿ. ಮರಾಠಿಯಲ್ಲಿ ಅದು ಗೋಧಡಿ. ಹಳೇ ಸೀರೆ, ಧೋತರ ಒಂದರ ಮೇಲೊಂದು ಹಾಸಿ, ಬಣ್ಣದ ತುಂಡು ಜೋಡಿಸಿ, ಅಂಚಿನಿಂದ ನಡುವಿನ ತನಕ ಸಾಲುಸಾಲಾಗಿ ದಾರ ಎಳೆಯುವುದು. ಯಾವ ತುಂಡಿನ ಪಕ್ಕ ಯಾವ ಬಣ್ಣ ಎಂಬುದನ್ನು ಯಾವ ಪುಸ್ತಕವೂ ಹೇಳುವುದಿಲ್ಲ, ಆಯಿಯ ಕಣ್ಣೇ ಹೇಳುತ್ತದೆ. ಲಗ್ನದ ಸೀರೆ, ಮಗಳ ಪರಕಾರ, ತೀರಿಹೋದ ಯಜಮಾನರ ಧೋತರ ಎಲ್ಲವೂ ಅದರಲ್ಲಿ ಕೂಡುತ್ತವೆ. ಮೊಮ್ಮಗು ಅದನ್ನೇ ಹೊದ್ದು ಮಲಗುತ್ತದೆ.

ಅದೇ ಆಯಿಯ ಬಾಯಲ್ಲಿ ಬೀಸೋ ಪದ, ಸೋಬಾನ ಪದಗಳಿವೆ. ಬೀಸುಕಲ್ಲು ಮೂಲೆ ಸೇರಿತು, ಹಿಟ್ಟಿನ ಗಿರಣಿ ಬಂತು. ಪದಗಳು ಮಾತ್ರ ಬರೆಯದೇ ಹಾಗೇ ಉಳಿದಿವೆ. ಆಯಿ ಹೋದರೆ ಅವೂ ಹೋದವು.

ಒಂದು ತಿಂಗಳ ಕಲಿಕೆ

ಇಲ್ಲಿಯೇ ಐವತ್ತು ದಾಟಿದವರಿಗೆ ಕೆಲಸವಿದೆ. ಮರಾಠಿ ಬಾರಾಖಡಿ ಬಲ್ಲವರಿಗೆ ಕನ್ನಡ ಕಾಗುಣಿತ ಕಷ್ಟವಲ್ಲ. ಕ, ಖ, ಗ, ಘ ಎಂಬ ಕ್ರಮ ಎರಡಕ್ಕೂ ಒಂದೇ. ಮರಾಠಿಯ ಮೇಲುಗೆರೆಯ ಜಾಗದಲ್ಲಿ ಇಲ್ಲಿ ತಲಕಟ್ಟು. ಒತ್ತಕ್ಷರ ಕೆಳಗೆ ಇಳಿಯುತ್ತದೆ. ಹೊಸದಾಗಿ ಕಲಿಯಬೇಕಾದ ಮುಖ್ಯ ಸ್ವರಗಳು ಎರಡೇ: ಗಿಡ್ಡ ಎ, ಗಿಡ್ಡ ಒ. ‘ಕೊಡು’ ಅಂದರೆ ನೀಡು, ‘ಕೋಡು’ ಅಂದರೆ ಕೊಂಬು. ಈ ಭೇದ ನಮ್ಮ ನಾಲಿಗೆಗೆ ಗೊತ್ತೇ ಇದೆ, ಕಣ್ಣಿಗೆ ಕಲಿಸಿದರೆ ಆಯಿತು. ದಿನಕ್ಕೆ ಎರಡು ಅಕ್ಷರ ತಿದ್ದಿದರೆ ತಿಂಗಳೊಪ್ಪತ್ತಿನಲ್ಲಿ ಬಸ್ಸಿನ ಬೋರ್ಡು, ಲಗ್ನಪತ್ರಿಕೆ ಓದಲು ಬರುತ್ತದೆ.

ಓದಲು ಶುರುಮಾಡುವವರಿಗೆ ವಚನವೇ ಲೇಸು. ಕೆಲವೇ ಸಾಲು, ಆಡುಮಾತಿಗೆ ಹತ್ತಿರ. ಅರ್ಥ ತೊಡಕಾದರೆ ಮರಾಠಿಯ ಸಹಾಯವೂ ಇದೆ. ಎಂ.ಎಂ.ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಬೆಂಗಳೂರಿನ ಬಸವ ಸಮಿತಿ ವಚನಗಳನ್ನು ಹಲವು ಭಾಷೆಗಳಿಗೆ ತಂದಿದೆ, ಅದರಲ್ಲಿ ಮರಾಠಿಯೂ ಒಂದು. ಮೊಮ್ಮಗ ಮರಾಠಿ ಓದಲಿ, ಮುತ್ಯಾ ಕನ್ನಡ ಓದಲಿ. ‘ಮುತ್ಯಾ, ಇದಕ್ಕ ಕನ್ನಡದಾಗ ಏನಂತಾರ?’ ಎಂದು ಹುಡುಗ ಕೇಳಿದ ದಿನ ಇಬ್ಬರಿಗೂ ಸಾಲಿ ಶುರುವಾದಂತೆ.

ಇದಕ್ಕೆ ಸರ್ಕಾರದ ಆದೇಶ ಬೇಡ, ಸಭಾಭವನ ಬೇಡ. ಒಂದು ನೋಟ್‌ಬುಕ್ಕು, ಒಂದು ಪೆನ್ನು, ಸಂಜೆ ದೀಪ ಹಚ್ಚಿದ ಮೇಲೆ ಅರ್ಧ ತಾಸು ಸಾಕು. ಮೊದಲ ಪುಟದಲ್ಲಿ ಆಯಿ ಹೇಳುವ ಒಂದು ಪದ ಬರೆಯಿರಿ. ಅಕ್ಷರ ಸೊಟ್ಟಾದರೂ ಚಿಂತಿಲ್ಲ. ಬರೆಯಲು ಬಾರದಿದ್ದರೆ ಮೊಬೈಲಿನಲ್ಲಿ ಧ್ವನಿಯಾದರೂ ತುಂಬಿಡಿ, ಅಕ್ಷರ ಕಲಿತ ಮೇಲೆ ಕೇಳಿ ಬರೆಯಬಹುದು.

ವಯಸ್ಸು ಯಾರಿಗೂ ನಿಲ್ಲುವುದಿಲ್ಲ. ಆದರೆ ಐವತ್ತರ ನಂತರ ಸಿಗುವ ಬಿಡುವು ಖಾಲಿ ಹೊತ್ತಲ್ಲ, ಕೊಟ್ಟುಹೋಗುವ ಹೊತ್ತು. ಹೊಲ, ಮನೆ ಪಾಲಾಗುತ್ತವೆ. ಮಾತು, ಪದ, ವಚನ ಎಷ್ಟು ಮಂದಿಗೆ ಹಂಚಿದರೂ ಅಷ್ಟೇ ಉಳಿಯುತ್ತವೆ.