ಹಿತ್ತಲ ಕೋಳಿಗೆ ವಿಟಮಿನ್ ಮೊದಲೋ, ಲಸಿಕೆ ಮೊದಲೋ?

ಕೋಳಿಯೊಂದು ಕುತ್ತಿಗೆ ತಿರುಚಿಕೊಂಡು, ಕೊಕ್ಕು ಆಕಾಶಕ್ಕೆ ಮಾಡಿ, ನಿಂತಲ್ಲೇ ಗಿರಗಿರ ಸುತ್ತತೊಡಗಿದರೆ ಅಕ್ಕಪಕ್ಕದವರಿಂದ ಬರುವ ಸಲಹೆ ಹೆಚ್ಚಾಗಿ ಒಂದೇ: ವಿಟಮಿನ್ ಕಡಿಮೆಯಾಗಿದೆ, ನೀರಿಗೆ ಟಾನಿಕ್ ಹಾಕಿ. ಇದು ಬುಡವಿಲ್ಲದ ಮಾತಲ್ಲ. ಬಿ1 ವಿಟಮಿನ್ ತೀರಾ ಕಡಿಮೆಯಾದ ಕೋಳಿ ಹೀಗೆಯೇ ತಲೆಯನ್ನು ಬೆನ್ನಿನ ಕಡೆಗೆ ಎಳೆದುಕೊಂಡು ಕೂರುತ್ತದೆ. ಆದರೆ ನಮ್ಮ ಊರುಗಳಲ್ಲಿ ಮೇಯ್ದು ಬೆಳೆಯುವ ಕೋಳಿಯ ಕುತ್ತಿಗೆ ತಿರುಚಿಕೊಂಡಾಗ ಮೊದಲು ಶಂಕಿಸಬೇಕಾದದ್ದು ಕೊಕ್ಕರೆ ರೋಗವನ್ನು, ಅಂದರೆ ರಾಣಿಖೇತ್ ವೈರಸ್ಸನ್ನು. ಅದಕ್ಕೆ ಯಾವ ವಿಟಮಿನ್ನೂ ಮದ್ದಲ್ಲ. ಬಂದ ಮೇಲೆ ವಾಸಿ ಮಾಡುವ ಔಷಧಿಯೇ ಇಲ್ಲ, ಬರುವ ಮೊದಲು ಹಾಕಿಸುವ ಲಸಿಕೆ ಮಾತ್ರ ಇದೆ. ಹೊರನೋಟಕ್ಕೆ ಒಂದೇ ಥರ ಕಾಣುವ ಈ ಎರಡನ್ನು ಅದಲುಬದಲು ಮಾಡಿಕೊಂಡರೆ ಒಂದು ಕೋಳಿಯಲ್ಲ, ಕೇರಿಯ ಕೋಳಿಯೆಲ್ಲ ಹೋಗಬಹುದು. ಹಿತ್ತಲಲ್ಲಿ ಹತ್ತು ಕೋಳಿ ಸಾಕುವವರ ಕೈಯಲ್ಲಿರುವ ದುಡ್ಡೂ ಹೊತ್ತೂ ಸಣ್ಣದು. ಅದು ಮೊದಲು ಲಸಿಕೆಗೆ, ಆಮೇಲೆ ಜಂತುಹುಳು, ನೀರು, ಗೂಡಿನ ನೆಲಕ್ಕೆ, ನಿಜವಾದ ಕೊರತೆ ಇರುವಲ್ಲಿ ಮಾತ್ರ ವಿಟಮಿನ್ನಿಗೆ ಹೋಗಬೇಕು ಎಂಬುದು ನನ್ನ ವಾದ.

ವಿಟಮಿನ್ನಿಗೂ ಕೋಳಿಗೂ ಇರುವ ನಂಟು ಹಳೆಯದು. 1880ರ ದಶಕದ ಕೊನೆಯಲ್ಲಿ, ಇಂದಿನ ಜಕಾರ್ತ ಆಗಿರುವ ಬಟಾವಿಯಾದಲ್ಲಿ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಬೆರಿಬೆರಿ ರೋಗದ ಮೂಲ ಹುಡುಕುತ್ತಿದ್ದಾಗ ಪ್ರಯೋಗಾಲಯದ ಕೋಳಿಗಳಿಗೇ ಕಾಲು ಸೋತಿತು. ಮಿಲಿಟರಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಉಳಿದ ಬಿಳಿ ಅನ್ನ ಅವುಗಳ ಮೇವಾಗಿತ್ತು. ಹೊಸದಾಗಿ ಬಂದ ಅಡುಗೆಯವನು ಆ ಅನ್ನ ಕೊಡಲು ಒಪ್ಪದೆ ಹೋದಾಗ ಕೋಳಿಗಳಿಗೆ ಪಾಲಿಶ್ ಮಾಡದ ಅಕ್ಕಿ ಹಾಕಬೇಕಾಯಿತು, ಅವು ಚೇತರಿಸಿಕೊಂಡವು. ಅಕ್ಕಿಯ ತೌಡಿನ ಪದರದಲ್ಲಿ ಏನೋ ಇದೆ, ಅದು ಹೋದರೆ ನರ ಸೋಲುತ್ತದೆ ಎಂದು 1901ರಲ್ಲಿ ಅವರ ಸಹೋದ್ಯೋಗಿ ಗೆರಿಟ್ ಗ್ರೈನ್ಸ್ ಸ್ಪಷ್ಟವಾಗಿ ಹೇಳಿದರು. ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಬಂತು. ಮುಂದೆ ಡೆನ್ಮಾರ್ಕಿನ ಹೆನ್ರಿಕ್ ಡಾಮ್, ಕೊಬ್ಬು ತೆಗೆದ ಆಹಾರ ತಿಂದ ಮರಿಗಳಲ್ಲಿ ರಕ್ತ ಹೆಪ್ಪುಗಟ್ಟದೆ ಸೋರುವುದನ್ನು ಕಂಡು ಕೆ ವಿಟಮಿನ್ನಿನ ಜಾಡು ಹಿಡಿದರು. ಈ ಎರಡು ಕಥೆಗಳಲ್ಲೂ ಗಮನಿಸಬೇಕಾದ್ದು ಒಂದಿದೆ. ಕೊರತೆ ಕಾಣಿಸಿದ್ದು ಮನುಷ್ಯ ಕೂಡಿಹಾಕಿ, ತಾನೇ ಆರಿಸಿದ ಒಂದೇ ಬಗೆಯ ಆಹಾರ ಹಾಕಿದ ಕೋಳಿಗಳಲ್ಲಿ. ಹೊರಗೆ ಮೇಯ್ದುಕೊಂಡಿದ್ದ ಕೋಳಿಗಳಲ್ಲಲ್ಲ.

ಬೆಳಗ್ಗೆ ಗೂಡಿನ ಬಾಗಿಲು ತೆಗೆದ ಮೇಲೆ ನಾಟಿ ಹೇಂಟೆಯೊಂದು ಏನು ತಿನ್ನುತ್ತದೆ ಎಂದು ನೋಡಿದರೆ ಇದು ಅರ್ಥವಾಗುತ್ತದೆ. ಅಂಗಳದಲ್ಲಿ ಚೆಲ್ಲಿದ ರಾಗಿ, ಜೋಳದ ನಾಲ್ಕು ಕಾಳು ಹೆಕ್ಕಿ ಅದು ಸೀದಾ ಹೋಗುವುದು ತಿಪ್ಪೆಗೆ. ಎರಡೂ ಕಾಲಿನಿಂದ ಹಿಂದಕ್ಕೆ ಕೆದರಿ, ಒಂದು ಹೆಜ್ಜೆ ಹಿಂದೆ ಸರಿದು, ಕೆದರಿದ ಜಾಗವನ್ನು ಕತ್ತು ಓರೆ ಮಾಡಿ ನೋಡಿ, ಬಿಳಿ ಹುಳುವನ್ನೋ ಗೆದ್ದಲನ್ನೋ ಎತ್ತಿಕೊಳ್ಳುತ್ತದೆ. ಹುಳುಹುಪ್ಪಟೆಯಲ್ಲಿ ಪ್ರೋಟೀನು, ಬಿ ಗುಂಪಿನ ವಿಟಮಿನ್ನುಗಳು ಇವೆ. ಕಾಳಿನಲ್ಲಿ ಇಲ್ಲವೇ ಇಲ್ಲ ಎನ್ನಬಹುದಾದ ಬಿ12 ಸಗಣಿಯಲ್ಲಿ ಸೂಕ್ಷ್ಮಜೀವಿಗಳಿಂದ ತಯಾರಾಗಿ ಅಲ್ಲೇ ಸಿಗುತ್ತದೆ. ಬೇಲಿಯ ಹಸಿರು ಎಲೆ, ಗರಿಕೆಯ ಕುಡಿಯಿಂದ ಎ ವಿಟಮಿನ್ನಿಗೆ ಬೇಕಾದ ಕ್ಯಾರೋಟೀನೂ ಕೆ ವಿಟಮಿನ್ನೂ ಬರುತ್ತವೆ. ಡಿ3 ಅಂತೂ ಗರಿಯಿಲ್ಲದ ಕಾಲಿನ ಚರ್ಮದ ಮೇಲೆ ಬಿಸಿಲು ಬಿದ್ದರೆ ಮೈಯೊಳಗೇ ಆಗುತ್ತದೆ. ಸಿ ವಿಟಮಿನ್ನನ್ನು ಕೋಳಿ ತಾನೇ ತಯಾರಿಸಿಕೊಳ್ಳುತ್ತದೆ, ಮನುಷ್ಯರಂತೆ ಹೊರಗಿನಿಂದ ಪಡೆಯಬೇಕಿಲ್ಲ. ಹೀಗಿರುವ ಕೋಳಿಗೆ ವರ್ಷವಿಡೀ ಟಾನಿಕ್ ಕುಡಿಸುವುದರಿಂದ ಹೆಚ್ಚಿನ ಲಾಭವಿಲ್ಲ.

ಹಾಗಾದರೆ ಕೊರತೆಯೇ ಇಲ್ಲವೇ? ಇದೆ, ಅದನ್ನು ಗುರುತಿಸಿ ಕೊಟ್ಟರೆ ವಿಟಮಿನ್ನಿನ ಗುಣ ಕಣ್ಣೆದುರೇ ಕಾಣುತ್ತದೆ. ನಗರದ ತಾರಸಿಯ ಮೇಲೆ, ಬಿಸಿಲು ಬೀಳದ ಶೀಟಿನ ಕೆಳಗೆ ಸಾಕಿದ ಕೋಳಿಗೆ ತಿಪ್ಪೆಯೂ ಇಲ್ಲ, ಬೇಲಿಯೂ ಇಲ್ಲ. ಅದರ ಪಾಲಿಗೆ ನಾವು ಹಾಕಿದ್ದೇ ಪ್ರಪಂಚ. ನುಚ್ಚಕ್ಕಿ, ಅನ್ನ ಮಾತ್ರ ಹಾಕಿದರೆ ಐಕ್‌ಮನ್‌ನ ಪ್ರಯೋಗವನ್ನೇ ಮತ್ತೆ ಮಾಡಿದಂತೆ. ಅಂಥ ಕೋಳಿಗೆ ವಿಟಮಿನ್ ಬೆರೆಸಿದ ಸಮತೋಲಿತ ಆಹಾರ ಬೇಕೇಬೇಕು, ಜೊತೆಗೆ ನುಗ್ಗೆಸೊಪ್ಪು, ದಂಟಿನಸೊಪ್ಪು, ದಿನಕ್ಕೊಂದಿಷ್ಟು ಹೊತ್ತು ಬಿಸಿಲು. ತಾಯಿಯಿಲ್ಲದೆ ಬಲ್ಬಿನ ಕಾವಿನಲ್ಲಿ ಬೆಳೆಯುವ ಮರಿಗಳಿಗೂ ಇದೇ ಮಾತು. ಬಿ2 ಕಡಿಮೆಯಾದ ಎಳೆಮರಿ ಬೆರಳುಗಳನ್ನು ಒಳಮುಖವಾಗಿ ಮಡಿಚಿಕೊಂಡು ಮೊಣಗಂಟಿನ ಮೇಲೆ ನಡೆಯುತ್ತದೆ, ಬೇಗ ಗುರುತಿಸಿ ಕೊಟ್ಟರೆ ಚೇತರಿಸುತ್ತದೆ. ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ, ಹೆಸರಘಟ್ಟದ ಕಾವೇರಿಯಂಥ ತಳಿಗಳು ನಾಟಿಗಿಂತ ಹೆಚ್ಚು ಮೊಟ್ಟೆ ಇಡುವುದರಿಂದ ಬರೀ ಮೇವಿನ ಮೇಲೆ ಬಿಟ್ಟರೆ ಅವಕ್ಕೆ ಸಾಲುವುದಿಲ್ಲ. ಆದರೆ ಮೊಟ್ಟೆಯ ಚಿಪ್ಪು ತೆಳುವಾದಾಗ ಆತುರದಿಂದ ವಿಟಮಿನ್ ಕೊಳ್ಳಬೇಡಿ. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಹೋಗುತ್ತದೆ. ಬಿಸಿಲಲ್ಲಿ ಓಡಾಡುವ ಹೇಂಟೆಗೆ ಕೊರತೆಯಾಗುವುದು ಹೆಚ್ಚಾಗಿ ಆ ಕ್ಯಾಲ್ಸಿಯಮ್ಮೇ. ಕಪ್ಪೆಚಿಪ್ಪಿನ ಪುಡಿಯನ್ನೋ ಒಣಗಿಸಿ ಪುಡಿ ಮಾಡಿದ ಮೊಟ್ಟೆ ಚಿಪ್ಪನ್ನೋ ಬೇರೆ ತಟ್ಟೆಯಲ್ಲಿಟ್ಟರೆ ಬೇಕಾದಷ್ಟನ್ನು ಅದೇ ತಿಂದುಕೊಳ್ಳುತ್ತದೆ.

ಈಗ ಕೊಕ್ಕರೆ ರೋಗಕ್ಕೆ ಬರೋಣ. 1926ರಲ್ಲಿ ಜಾವಾದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲೂ ಗುರುತಿಸಿದ ಈ ರೋಗ ಅದಾದ ಸ್ವಲ್ಪ ಕಾಲದಲ್ಲೇ ಕುಮಾವೂನ್ ಬೆಟ್ಟಗಳ ರಾಣಿಖೇತದಲ್ಲಿ ಕಾಣಿಸಿತು, ನಮ್ಮಲ್ಲಿ ಆ ಊರಿನ ಹೆಸರೇ ನಿಂತಿತು. ಹಸಿರು ಮಿಶ್ರಿತ ಬಿಳಿ ಭೇದಿ, ಬಾಯಿ ತೆರೆದು ಎಳೆಯುವ ಉಸಿರು, ಜೋತುಬಿದ್ದ ರೆಕ್ಕೆ, ಮೂರ್ನಾಲ್ಕು ದಿನದಲ್ಲಿ ಒಂದರ ಹಿಂದೆ ಒಂದು ಸಾವು. ಬದುಕುಳಿದವುಗಳಲ್ಲಿ ಕೆಲವು ಕುತ್ತಿಗೆ ತಿರುಚಿಕೊಂಡೇ ಉಳಿಯುತ್ತವೆ. ವಿಟಮಿನ್ ಕೊರತೆಯಲ್ಲಿ ಹೀಗೆ ಕೇರಿಯಿಡೀ ಏಕಾಏಕಿ ಸಾಯುವುದಿಲ್ಲ, ಹಸಿರು ಭೇದಿಯೂ ಇರುವುದಿಲ್ಲ. ಬಿ1 ಕೊರತೆಯಾಗಿದ್ದರೆ ಅದನ್ನು ಕೊಟ್ಟ ಕೆಲವೇ ಗಂಟೆಗಳಲ್ಲಿ ಕೋಳಿ ಸುಧಾರಿಸತೊಡಗುತ್ತದೆ. ಈ ವ್ಯತ್ಯಾಸ ತಿಳಿದಿದ್ದರೆ ಟಾನಿಕ್ ಹಾಕಿ ಕಾಯುವ ಬದಲು ಅದೇ ದಿನ ಪಶು ಆಸ್ಪತ್ರೆಗೆ ಸುದ್ದಿ ಮುಟ್ಟಿಸಬಹುದು. ಹಕ್ಕಿಜ್ವರವೂ ಇದೇ ರೀತಿ ಆರಂಭವಾಗುವುದರಿಂದ ಈ ಸುದ್ದಿ ಮುಟ್ಟಿಸುವುದು ಮನುಷ್ಯರ ಆರೋಗ್ಯದ ಪ್ರಶ್ನೆಯೂ ಹೌದು. ವಿಷಯ ಸಣ್ಣದಲ್ಲ. 2019ರ ಜಾನುವಾರು ಗಣತಿಯ ಪ್ರಕಾರ ದೇಶದ 85 ಕೋಟಿ ಕೋಳಿಗಳಲ್ಲಿ ಸುಮಾರು 31.7 ಕೋಟಿ ಹಿತ್ತಲಲ್ಲಿ ಬೆಳೆಯುವಂಥವು. ಹಿಂದಿನ ಗಣತಿಗಿಂತ ಇದು ಶೇ 45ಕ್ಕೂ ಹೆಚ್ಚು. ಇವುಗಳ ಹಣ ಬಹುಪಾಲು ಹೆಂಗಸರ ಕೈಗೆ ಬರುವಂಥದ್ದು, ಮಕ್ಕಳ ಪುಸ್ತಕಕ್ಕೋ ಹಬ್ಬದ ಸೀರೆಗೋ ಯಾರನ್ನೂ ಕೇಳದೆ ಖರ್ಚು ಮಾಡಬಹುದಾದದ್ದು. ಒಂದು ವಾರದಲ್ಲಿ ಗೂಡು ಬರಿದಾದರೆ ಹೋಗುವುದು ಆ ಸ್ವಾತಂತ್ರ್ಯ.

ನಮ್ಮ ಅಜ್ಜಿಯರು ಲಸಿಕೆಯೂ ಹಾಕಿಸಲಿಲ್ಲ, ವಿಟಮಿನ್ನೂ ಕೊಡಲಿಲ್ಲ, ನಾಟಿ ಕೋಳಿ ಗಟ್ಟಿ, ಅದಕ್ಕೇಕೆ ಇದೆಲ್ಲ ಎನ್ನುವವರಿದ್ದಾರೆ. ನಾಟಿ ಕೋಳಿ ಗಟ್ಟಿ ಎಂಬುದು ನಿಜ: ಬಿಸಿಲು ತಡೆಯುತ್ತದೆ, ಒರಟು ಮೇವು ಅರಗಿಸುತ್ತದೆ, ಹದ್ದು ಕಂಡರೆ ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಳ್ಳುತ್ತದೆ. ಆದರೆ ಈ ಗಟ್ಟಿತನ ರಾಣಿಖೇತ್ ವೈರಸ್ಸಿನ ಎದುರು ನಿಲ್ಲುವುದಿಲ್ಲ. ಅಜ್ಜಿಯರ ಕಾಲದಲ್ಲೂ ರೋಗ ಬಂದು ಗೂಡು ಬರಿದಾಗುತ್ತಿತ್ತು, ಅದನ್ನು ಅಮ್ಮನ ಮುನಿಸು ಎಂದೋ ದೃಷ್ಟಿ ಎಂದೋ ಸಹಿಸಿಕೊಂಡರು, ಅಷ್ಟೆ. ಈಗ ಸಂತೆಯಿಂದ ಸಂತೆಗೆ ಬೈಕು, ಟೆಂಪೊಗಳಲ್ಲಿ ಕೋಳಿ ಓಡಾಡುವುದರಿಂದ ವೈರಸ್ಸಿನ ದಾರಿಯೂ ಹಗುರಾಗಿದೆ. ಒಂದೆರಡು ಸತ್ತ ಕೂಡಲೇ ಉಳಿದವನ್ನು ಸಂತೆಗೆ ಒಯ್ದು ಮಾರುವ ರೂಢಿ ಇದಕ್ಕೆ ಇನ್ನಷ್ಟು ನೆರವಾಗುತ್ತದೆ. ಇನ್ನೊಂದು ಆಕ್ಷೇಪ ಮೃದುವಾದದ್ದು: ವಿಟಮಿನ್ನಿನಿಂದ ಕೆಡುಕೇನು, ಕೊಟ್ಟರೆ ಕೊಡಲಿ. ಕೆಡುಕು ಎರಡಿವೆ. ಎ, ಡಿ ವಿಟಮಿನ್ನುಗಳು ಕೊಬ್ಬಿನಲ್ಲಿ ಕರಗಿ ಮೈಯಲ್ಲಿ ಉಳಿಯುವಂಥವು, ಅತಿಯಾದರೆ ಹಾನಿ ಮಾಡುತ್ತವೆ. ಅದಕ್ಕಿಂತ ದೊಡ್ಡ ಕೆಡುಕು, ಮದ್ದು ಹಾಕಿದ್ದೇವೆ ಎಂಬ ಸಮಾಧಾನದಲ್ಲಿ ಕಳೆದುಹೋಗುವ ದಿನಗಳು. ಬಿಸಿಲಿಗಿಟ್ಟ ನೀರಿನಲ್ಲಿ ಬೆರೆಸಿದ ವಿಟಮಿನ್ ಬೇಗ ಸತ್ವ ಕಳೆದುಕೊಳ್ಳುತ್ತದೆ ಎಂಬುದೂ ನೆನಪಿರಲಿ.

ಲಸಿಕೆಯ ಆಚೆಗಿನ ಕೆಲಸಗಳೂ ಇವೆ, ಅವು ಸುಲಭ. ಜಂತುಹುಳು ಕರುಳಲ್ಲಿ ತುಂಬಿದ್ದರೆ ತಿಂದ ವಿಟಮಿನ್ನಿನಲ್ಲಿ ಒಂದು ಪಾಲು ಅದಕ್ಕೇ ಹೋದಂತೆ, ಆದ್ದರಿಂದ ಎರಡು ಮೂರು ತಿಂಗಳಿಗೊಮ್ಮೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಹುಳುವಿನ ಔಷಧಿ ಹಾಕಬೇಕು. ಗೂಡಿನ ನೆಲ ಒದ್ದೆಯಾದರೆ ಮರಿಗಳಿಗೆ ರಕ್ತಭೇದಿ ತಪ್ಪದು. ಅದಕ್ಕೆ ಕೊಡುವ ಆಂಪ್ರೋಲಿಯಂ ಎಂಬ ಔಷಧಿ ಬಿ1ನ್ನು ಅಣಕಿಸಿಯೇ ರಕ್ತಭೇದಿ ತರುವ ಪರಾವಲಂಬಿಯನ್ನು ಕೊಲ್ಲುತ್ತದೆ. ಹೇಳಿದ್ದಕ್ಕಿಂತ ಹೆಚ್ಚು ದಿನ, ಹೆಚ್ಚು ಪ್ರಮಾಣ ಕೊಟ್ಟರೆ ಕೋಳಿಗೂ ಬಿ1 ಕೊರತೆಯಾಗುತ್ತದೆ. ಔಷಧಿ ಮುಗಿದ ಮೇಲೆ ಒಂದೆರಡು ದಿನ ಬಿ ಕಾಂಪ್ಲೆಕ್ಸ್ ಕೊಡುವುದು ಅರ್ಥವುಳ್ಳ ಕೆಲಸ, ಜೊತೆಜೊತೆಗೇ ಕೊಟ್ಟರೆ ಔಷಧಿಯ ಬಲ ಕುಗ್ಗುತ್ತದೆ. ಕೋಳಿ ಸಿಡುಬನ್ನು ಸೊಳ್ಳೆ ಹರಡುತ್ತದೆ, ಅದಕ್ಕೂ ಲಸಿಕೆ ಇದೆ. ಹೊಸದಾಗಿ ಕೊಂಡ ಕೋಳಿಯನ್ನು ಎರಡು ವಾರ ಬೇರೆಯೇ ಇಡಬೇಕು.

ಲಸಿಕೆಯ ವಿರುದ್ಧದ ಗಟ್ಟಿ ಆಕ್ಷೇಪ ಕೊನೆಯದು: ಅದು ನಮ್ಮಂಥವರಿಗೆ ಕೈಗೆಟಕುವುದಿಲ್ಲ. ಇದರಲ್ಲಿ ಸತ್ಯವಿದೆ. ಸೀಸೆಯಲ್ಲಿ 100 ಕೋಳಿಗೋ ಅದಕ್ಕೂ ಹೆಚ್ಚಿಗೋ ಆಗುವಷ್ಟು ಲಸಿಕೆ ಇರುತ್ತದೆ, ಮನೆಯಲ್ಲಿರುವುದು ಎಂಟು ಕೋಳಿ. 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು. ದ್ರವ ಬೆರೆಸಿದ ಮೇಲೆ ಒಂದೆರಡು ಗಂಟೆಯಲ್ಲಿ ಹಾಕಿ ಮುಗಿಸಬೇಕು, ಉಳಿದದ್ದನ್ನು ನಾಳೆಗೆ ಎತ್ತಿಡುವಂತಿಲ್ಲ. ತಂಪು ತಪ್ಪಿದ ಲಸಿಕೆ, ಆಗಲೇ ರೋಗ ಹೊಕ್ಕ ಕೋಳಿಗೆ ಹಾಕಿದ ಲಸಿಕೆ ಕೆಲಸ ಮಾಡುವುದಿಲ್ಲ. ಎ ವಿಟಮಿನ್ ಕೊರತೆಯಿಂದ ಸೊರಗಿದ ಕೋಳಿಯಲ್ಲಿ ರೋಗನಿರೋಧಕ ಶಕ್ತಿ ಸರಿಯಾಗಿ ಮೂಡದೆ ಹೋಗಬಹುದು, ಅಲ್ಲಿ ವಿಟಮಿನ್ ಲಸಿಕೆಗೆ ನೆರವು. ಆದರೆ ಸೀಸೆ ದೊಡ್ಡದೆಂಬ ತೊಡಕಿಗೆ ಉತ್ತರ ಒಂದು ಮನೆಯಲ್ಲಿಲ್ಲ, ಬೀದಿಯಲ್ಲಿದೆ. ಹತ್ತು ಹನ್ನೆರಡು ಮನೆಯವರು ಒಂದು ದಿನ ಗೊತ್ತು ಮಾಡಿ, ಪಶು ಆಸ್ಪತ್ರೆಯಲ್ಲಿ ಮೊದಲೇ ಹೇಳಿಟ್ಟು, ಐಸ್ ತುಂಬಿದ ಫ್ಲಾಸ್ಕಿನಲ್ಲಿ ಸೀಸೆ ತಂದು, ಕತ್ತಲಾಗಿ ಕೋಳಿಗಳೆಲ್ಲ ಗೂಡು ಸೇರಿದ ಮೇಲೆ ಮನೆಮನೆಗೆ ಹೋದರೆ ಗಂಟೆಯೊಳಗೆ ಮುಗಿಯುತ್ತದೆ. ಮರಿಗಳಿಗೆ 5ರಿಂದ 7ನೇ ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ, ನಾಲ್ಕನೇ ವಾರ ಇನ್ನೊಮ್ಮೆ, 8ರಿಂದ 10 ವಾರಕ್ಕೆ ರೆಕ್ಕೆಯ ಕೆಳಗೆ ಆರ್2ಬಿ ಚುಚ್ಚುಮದ್ದು. ಮುಕ್ತೇಶ್ವರದ ಪಶುವೈದ್ಯ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ ಆರ್2ಬಿ ಪ್ರಬಲವಾದ್ದರಿಂದ ಎಳೆಮರಿಗಳಿಗೆ ಹಾಕಬಾರದು. ಬೇಸಿಗೆಯಲ್ಲಿ ರೋಗ ಜೋರಾಗುವುದರಿಂದ ದೊಡ್ಡ ಕೋಳಿಗಳಿಗೆ ಸಂಕ್ರಾಂತಿಯ ಆಸುಪಾಸಿನಲ್ಲಿ ಒಮ್ಮೆ, ಆರು ತಿಂಗಳು ಕಳೆದು ಮತ್ತೊಮ್ಮೆ ಹಾಕಿಸುವುದು ಒಳ್ಳೆಯದು. ಬೆಂಗಳೂರಿನ ಹೆಬ್ಬಾಳದಲ್ಲಿರುವ ಸರ್ಕಾರಿ ಸಂಸ್ಥೆಯೇ ಕೋಳಿ ಲಸಿಕೆ ತಯಾರಿಸುತ್ತದೆ. ಅದು ಸೀಸೆಯಿಂದ ಹೇಂಟೆಯ ರೆಕ್ಕೆಯ ತನಕ ತಲುಪಲು ಗ್ರಾಮ ಪಂಚಾಯಿತಿಯೋ ಸ್ತ್ರೀಶಕ್ತಿ ಸಂಘವೋ ವರ್ಷಕ್ಕೆ ಎರಡು ಸಂಜೆ ಮೀಸಲಿಟ್ಟರೆ ಸಾಕು. ಲಸಿಕೆ ಹಾಕಿದ ಮರುದಿನದಿಂದ ಎರಡು ಮೂರು ದಿನ ಕೋಳಿ ಸ್ವಲ್ಪ ಮಂಕಾಗಿರುತ್ತದೆ, ಮೇವು ಕಡಿಮೆ ತಿನ್ನುತ್ತದೆ. ವಿಟಮಿನ್ ಬಾಟಲಿಯನ್ನು ಆಗ ತೆಗೆಯಿರಿ, ನೆರಳಿನಲ್ಲಿಟ್ಟ ತಾಜಾ ನೀರಿಗೆ ಹಾಕಿ, ಅಂದಂದಿನ ನೀರನ್ನು ಅಂದಂದೇ ಬದಲಿಸಿ.