ಆರ್‌ಓ ಪೈಪಿನ ಕೆಳಗೊಂದು ಬಕೆಟ್

2019ರ ಜೂನ್. ಚೆನ್ನೈಗೆ ನೀರುಣಿಸುವ ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ ಜಲಾಶಯಗಳು ನಾಲ್ಕೂ ಬಹುತೇಕ ಬತ್ತಿದ್ದವು. ನೀರಿಲ್ಲ, ಮನೆಯಿಂದಲೇ ಕೆಲಸ ಮಾಡಿ ಎಂದರು ಆಫೀಸಿನವರು. ಮನೆಯಲ್ಲಿ ಮಾತ್ರ ಎಲ್ಲಿತ್ತು? ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಅದೂ ಟ್ಯಾಂಕರ್ ಬಂದರೆ.

ಅಮ್ಮ ಆಗ ನಮ್ಮಲ್ಲಿಗೆ ಬಂದಿದ್ದರು. ಚಿತ್ರದುರ್ಗದ ಕಡೆಯವರು, ಬರ ಹೊಸದಲ್ಲ. ಆರ್‌ಓ ಫಿಲ್ಟರಿನ ಸಣ್ಣ ಪೈಪನ್ನು ಸಿಂಕಿನಿಂದ ಎಳೆದು ಬಕೆಟ್ಟಿಗೆ ಬಿಟ್ಟರು. ಒಂದು ಕೊಡ ಕುಡಿಯುವ ನೀರು ತುಂಬುವಷ್ಟರಲ್ಲಿ ಬಕೆಟ್ ಎರಡು ಸಲ ತುಂಬಿತು. "ಇಷ್ಟು ದಿನ ಇದನ್ನೆಲ್ಲ ಮೋರಿಗೆ ಬಿಡ್ತಿದ್ರೇನೋ?"

ಹೌದು. ಇಂಥ ಫಿಲ್ಟರುಗಳಲ್ಲಿ ಒಂದು ಲೀಟರ್ ಶುದ್ಧವಾಗಲು ಸುಮಾರು ಮೂರು ಲೀಟರ್ ಹೊರಹೋಗುತ್ತದೆ. ಉಪ್ಪಿನಂಶ ಹೆಚ್ಚಿರುವುದರಿಂದ ಕುಂಡದ ಗಿಡಗಳಿಗೆ ಬೇಡ. ನೆಲ ಒರೆಸಲು, ಕಮೋಡಿಗೆ ಧಾರಾಳವಾಗಿ ಆಗುತ್ತದೆ. ಗಿಡಗಳಿಗೆ ಎಸಿಯಿಂದ ತೊಟ್ಟಿಕ್ಕುವ ನೀರು ಹಿಡಿದೆವು. ಚೆನ್ನೈ ಸೆಕೆಯಿಂದ ಆದ ಒಂದೇ ಉಪಕಾರ! ಶವರ್ ಬಿಟ್ಟು ಬಕೆಟ್ಟು, ಚೊಂಬಿಗೆ ಮರಳಿದೆವು.

ಜುಲೈ 12ರಂದು ಜೋಲಾರ್‌ಪೇಟೆಯಿಂದ ಮೊದಲ ರೈಲಿನಲ್ಲಿ 25 ಲಕ್ಷ ಲೀಟರ್ ನೀರು ಬಂತು. ಮೆಟ್ಟೂರಿನ ಕಾವೇರಿ ನೀರು ಎಂದು ತಿಳಿದು ಅಮ್ಮ ಟಿವಿಗೇ ಕೈಮುಗಿದರು.

ನಮ್ಮ ಮನೆಗೆಲಸದ ಅಕ್ಕ ಅವರ ಬೀದಿಯಲ್ಲಿ ಲಾರಿಗಾಗಿ ರಾತ್ರಿಯೆಲ್ಲ ಕೊಡಗಳ ಸಾಲಿನಲ್ಲಿ ನಿಂತು, ಬೆಳಿಗ್ಗೆ ಪಾತ್ರೆ ತೊಳೆಯಲು ಬರುತ್ತಿದ್ದರು. ನಲ್ಲಿ ಬಿಟ್ಟುಕೊಂಡು ತೊಳೆಯಬೇಡಿ, ಟಬ್ಬಿನಲ್ಲಿ ತೊಳೆಯಿರಿ ಎಂದು ನನ್ನ ಹರಕುಮುರುಕು ತಮಿಳಿನಲ್ಲಿ ಹೇಳಲು ಹೋದೆ. ಸಿಂಕಿನಲ್ಲಿ ಟಬ್ ಆಗಲೇ ಇತ್ತು. ತಿಂಗಳಿಂದ ಅಲ್ಲೇ ಇತ್ತಂತೆ.