ಕೊಟ್ಟಿಗೆಯಿಂದ ರಸ್ತೆಗೆ ಜಾವಾ

ಹಳೆಯ ಜಾವಾ ಬೈಕನ್ನು ಮೊದಲ ಸಲ ಹತ್ತಿದವರು ಕಿಕ್ಕರ್ ಎಲ್ಲಿದೆ ಎಂದು ಹುಡುಕಾಡುತ್ತಾರೆ. ಬಲಗಡೆ ಬ್ರೇಕ್ ಪೆಡಲ್ ಬಿಟ್ಟರೆ ಏನೂ ಕಾಣಿಸದು. ಎಡಗಡೆ ಇರುವ ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್! ಎಂಜಿನ್ ಹತ್ತಿಕೊಂಡ ಮೇಲೆ ಲಿವರನ್ನು ಮುಂದಕ್ಕೆ ಮಡಚಿದರೆ ಮತ್ತೆ ಗೇರ್. ಕ್ಲಚ್ ಹಿಡಿಯದೆಯೂ ಗೇರ್ ಬದಲಿಸಬಹುದು, ಲಿವರ್ ಒತ್ತಿದಾಗ ಒಳಗಿನ ಕ್ಲಚ್ ತಾನಾಗಿ ಬಿಡುತ್ತದೆ. ಸಿಲಿಂಡರ್ ಒಂದೇ, ಸೈಲೆನ್ಸರ್ ಮಾತ್ರ ಎರಡು.

ಈ ಗಾಡಿಯ ಬೇರು ಝೆಕ್ ನಾಡಿನಲ್ಲಿದೆ. ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಬೈಕ್ ವಿನ್ಯಾಸವನ್ನು ಕೊಂಡುಕೊಂಡು, ತನ್ನ ಹೆಸರಿನ ಮೊದಲಕ್ಷರಗಳಾದ 'JA'ಗೆ ವಾಂಡರರ್‌ನ 'WA' ಸೇರಿಸಿ 'ಜಾವಾ' ಎಂದು ಹೆಸರಿಟ್ಟ. ಆ ಬೈಕಿಗೆ ಭಾರತದಲ್ಲಿ ತವರಾದದ್ದು ಮೈಸೂರು. ಇರಾನಿ ಕುಟುಂಬ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆಯನ್ನು ಜಯಚಾಮರಾಜ ಒಡೆಯರ್ ಉದ್ಘಾಟಿಸಿದರು. 1961ರಿಂದ ಯಾದವಗಿರಿಯ ಈ ಕಾರ್ಖಾನೆಯಿಂದ ಬೈಕುಗಳು ಹೊರಬಂದವು. 70ರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು, 1978ರಲ್ಲಿ ರೋಡ್‌ಕಿಂಗ್ ಮಾದರಿ ಬಂತು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು.

ಬೀಗ ಬಿದ್ದ ಮೇಲೆ ಬಿಡಿಭಾಗಗಳಿಗೂ ಬರ ಬಂತು. ಗಾಡಿ ಬಿಡಲು ಮನಸ್ಸಿಲ್ಲದವರು ಪಾನಾ ಹಿಡಿದು ತಾವೇ ಕುಳಿತರು. ಒಂದಕ್ಕೆ ಜೀವ ಕೊಡಲು ಇನ್ನೊಂದನ್ನು ಬಿಚ್ಚಿದರು. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಅಂಗಡಿಗಳನ್ನು ಜಾಲಾಡಿದರು. ಮನೆಯ ಪೋರ್ಟಿಕೊ, ದನವಿಲ್ಲದ ಕೊಟ್ಟಿಗೆ ವರ್ಕ್‌ಶಾಪ್ ಆದದ್ದು ಹೀಗೆ.

ಮನೆಯಲ್ಲೇ ಗಾಡಿ ದುರಸ್ತಿ ಮಾಡಲು ಸಾಧ್ಯವಾಗಿರುವುದಕ್ಕೆ ಎಂಜಿನ್‌ನ ಸರಳತನವೇ ಕಾರಣ. ಟೂ ಸ್ಟ್ರೋಕ್ ಆದ್ದರಿಂದ ವಾಲ್ವ್ ಇಲ್ಲ, ಅದನ್ನು ತೆರೆಯುವ ಕ್ಯಾಮ್ ಇಲ್ಲ. ಪೆಟ್ರೋಲಿಗೆ ಬೆರೆಸಿದ ಆಯಿಲ್ಲೇ ಪಿಸ್ಟನ್ನಿಗೂ ಬೇರಿಂಗಿಗೂ ತಲುಪುತ್ತದೆ. ಹೆಡ್ ಬಿಚ್ಚಿ ಸಿಲಿಂಡರ್ ಎತ್ತಿದರೆ ಪಿಸ್ಟನ್ ಕಣ್ಣೆದುರೇ ಇರುತ್ತದೆ.

ಸರಳವೆಂದು ಅವಸರ ಮಾಡುವಂತಿಲ್ಲ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಮೊದಲು ಕೈಕೊಡುವುದು ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲ್. ರಬ್ಬರ್ ಒಣಗಿ ಬಿರುಕು ಬಿಟ್ಟಿರುತ್ತದೆ, ಅಲ್ಲಿಂದ ಗಾಳಿ ಒಳನುಗ್ಗಿ ಪೆಟ್ರೋಲ್-ಗಾಳಿಯ ಹದ ಕೆಡುತ್ತದೆ. ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹೊಸ ಪೇಂಟ್ ಬಳಿದು ಸೀಲ್ ಬದಲಿಸದೆ ರಸ್ತೆಗಿಳಿದವರು ಪಾಠ ಕಲಿಯುವುದು ಇಲ್ಲೇ. ಸಿಲಿಂಡರಿಗೆ ಬೋರ್ ಹೊಡೆಸುವುದು, ಕ್ರ್ಯಾಂಕ್ ಬಿಚ್ಚಿ ಕನೆಕ್ಟಿಂಗ್ ರಾಡ್ ಕೂರಿಸುವುದು ಲೇತ್ ಅಂಗಡಿಯ ಕೆಲಸ. ಉಳಿದದ್ದು ಮನೆಯಲ್ಲೇ ಆಗುತ್ತದೆ. ಟ್ಯಾಂಕಿನ ಒಳಗೆ ತುಕ್ಕು ಹಿಡಿದಿದ್ದರೆ ಒಂದು ಹಿಡಿ ನಟ್‌ಗಳನ್ನು ಹಾಕಿ ಕುಲುಕಿ ಕುಲುಕಿ ತೊಳೆಯಬೇಕು. ಮಸಿ ಕಟ್ಟಿದ ಸೈಲೆನ್ಸರ್ ಒಳಗಿನ ಕೊಳವೆಯನ್ನು ಹೊರಗೆಳೆದು ಕೆರೆಯಬೇಕು. ಇಗ್ನಿಷನ್ ಪಾಯಿಂಟ್ ನಡುವಿನ ಸಂದು 0.4 ಮಿಲಿಮೀಟರ್, ಅದನ್ನು ಫೀಲರ್ ಗೇಜಿನಿಂದಲೇ ಅಳೆಯಬೇಕು, ಕಣ್ಣಂದಾಜು ಸಾಲದು.

ಟ್ಯಾಂಕಿನ ಮೇಲಿನ ಬಂಗಾರದ ಬಣ್ಣದ ಗೆರೆ ಬೇರೆಯೇ ವಿದ್ಯೆ. ಸಪೂರ ಕುಂಚದಿಂದ ಒಂದೇ ಉಸಿರಿನಲ್ಲಿ ಎಳೆಯಬಲ್ಲ ಕೈಗಳು ಇಂದು ಕಡಿಮೆ. ಸ್ಟಿಕ್ಕರ್ ಅಂಟಿಸಿದ ಗೆರೆಗೂ ಕುಂಚದ ಗೆರೆಗೂ ಇರುವ ವ್ಯತ್ಯಾಸ ಹತ್ತಿರ ನಿಂತು ನೋಡಿದವರಿಗೆ ಥಟ್ಟನೆ ತಿಳಿಯುತ್ತದೆ.

ಇನ್ನು ಗಾಡಿಯನ್ನು ತನ್ನಿಷ್ಟದಂತೆ ಬದಲಿಸುವ ಆಸೆ. ಫ್ರೇಮಿನ ಹಿಂಭಾಗ ಕತ್ತರಿಸಿ, ಮಡ್‌ಗಾರ್ಡ್ ಕಿತ್ತು 'ಬಾಬರ್' ಎಂಬ ಬೋಳು ಶೈಲಿಗೆ ತರುವವರಿದ್ದಾರೆ. ನೋಡಲು ಚೆಂದವೇ ಇರಬಹುದು, ಆದರೆ ಕತ್ತರಿಸಿದ ಫ್ರೇಮ್ ಮತ್ತೆ ಮೊದಲಿನಂತಾಗದು. ಕಾರ್ಖಾನೆಯೇ ಇಲ್ಲದಿರುವಾಗ ಕೆಡಿಸಿದ ಪ್ರತಿ ಫ್ರೇಮೂ ಲೆಕ್ಕದಲ್ಲಿ ಒಂದು ಕಡಿಮೆ. ಕಾನೂನೂ ಇದಕ್ಕೆ ಒಲಿಯುವುದಿಲ್ಲ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. 50 ವರ್ಷ ದಾಟಿದ ಬೈಕುಗಳಿಗೆ 2021ರಲ್ಲಿ ಬಂದ 'ವಿಎ' ಸರಣಿಯ ವಿಂಟೇಜ್ ನೋಂದಣಿ ಸಿಗುವುದೂ ಚಾಸಿ, ಎಂಜಿನ್ ಹೆಚ್ಚು ಬದಲಾಗದೆ ಉಳಿದಿದ್ದರೆ ಮಾತ್ರ. 60ರ ದಶಕದ ಜಾವಾಗಳು ಈಗಾಗಲೇ ಆ ವಯಸ್ಸು ದಾಟಿವೆ. ಮೊದಲ ರೋಡ್‌ಕಿಂಗ್‌ಗಳಿಗೆ 2028ರಲ್ಲಿ ಐವತ್ತಾಗುತ್ತದೆ.

ಬದಲಾವಣೆ ಬೇಡವೆಂದಲ್ಲ. ಮಿಣುಕು ದೀಪದ 6 ವೋಲ್ಟ್ ವೈರಿಂಗ್ ತೆಗೆದು 12 ವೋಲ್ಟ್ ಹಾಕಿಸಿದರೆ ರಾತ್ರಿ ರಸ್ತೆ ಕಾಣುತ್ತದೆ. ಒಳ್ಳೆಯ ಟಯರು, ಬ್ರೇಕ್ ಲೈನರು, ಆರಾಮದ ಸೀಟು, ಎಲ್ಲವೂ ಸರಿ. ಬೇಕೆಂದಾಗ ಕಳಚಿ ಹಳೆಯದನ್ನು ಕೂರಿಸುವಂತಿದ್ದರಾಯಿತು.

ನಿಮ್ಮ ಮನೆಯ ಹಿತ್ತಲಲ್ಲಿ ಅಜ್ಜನದೋ ಮಾವನದೋ ಜಾವಾ ಗೋಣಿಚೀಲ ಹೊದ್ದು ನಿಂತಿದ್ದರೆ, ದಯವಿಟ್ಟು ತೂಕಕ್ಕೆ ಹಾಕಬೇಡಿ. ಮೊದಲು ಆರ್‌ಸಿ ಪುಸ್ತಕ ಹುಡುಕಿ, ಎಂಜಿನ್ ಮತ್ತು ಚಾಸಿ ನಂಬರ್ ತಾಳೆ ನೋಡಿ. ಬಿಚ್ಚಿದ ಒಂದು ನಟ್ಟನ್ನೂ ಎಸೆಯದೆ ಡಬ್ಬಿಗೆ ಹಾಕಿಡಿ.